ಕ್ಯಾಂಪ್ ಡೇವಿಡ್‌ಗೆ ಕರೆಯದೇ ಬಿಟ್ಟವರು

ಸಂಧಾನದ ಪಾಠ ಹೇಳುವವರು 1978ರ ಕ್ಯಾಂಪ್ ಡೇವಿಡ್ ಉದಾಹರಣೆ ಬಿಡುವುದಿಲ್ಲ. ಹಾರ್ವರ್ಡ್‌ನ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರ ತಮ್ಮ ಪುಸ್ತಕದಲ್ಲಿ ಅದನ್ನು ಚೆನ್ನಾಗಿಯೇ ವಿವರಿಸಿದ್ದಾರೆ. ಈಜಿಪ್ಟಿಗೆ ಸಿನಾಯಿ ಪೂರ್ತಿ ಬೇಕು, ಇಸ್ರೇಲಿಗೆ ಅದರಲ್ಲೊಂದು ಪಾಲು ಬೇಕು. ನಕ್ಷೆಯಲ್ಲಿ ಎಲ್ಲಿ ಗೆರೆ ಎಳೆದರೂ ಜಗಳವೇ. ‘ಯಾಕೆ ಬೇಕು?’ ಎಂದು ಕೇಳಿದಾಗ ದಾರಿ ಕಂಡಿತು: ಒಬ್ಬರಿಗೆ ನೆಲದ ಒಡೆತನ, ಇನ್ನೊಬ್ಬರಿಗೆ ಗಡಿಗೆ ಬಂದು ನಿಲ್ಲುವ ಟ್ಯಾಂಕಿನ ಭಯ. ನೆಲ ಮರಳಿತು, ಅಲ್ಲಿನ ಸೈನ್ಯಕ್ಕೆ ಮಿತಿ ಬಿತ್ತು. ಸಾದಾತ್ ಮತ್ತು ಬೆಗಿನ್ ನಡುವೆ ಕಾರ್ಟರ್ 13 ದಿನ ಒಂದೇ ಕರಡನ್ನು ತಿದ್ದಿ ತಿದ್ದಿ ಓಡಾಡಿದರು. 1979ರ ಆ ಒಪ್ಪಂದದ ನಂತರ ಎರಡೂ ದೇಶಗಳ ನಡುವೆ ಯುದ್ಧವಾಗಿಲ್ಲ. ಸಣ್ಣ ಮಾತಲ್ಲ, ಒಪ್ಪುತ್ತೇನೆ.

ಆದರೆ ಅಲ್ಲಿ ಇನ್ನೊಂದು ಕಾಗದಕ್ಕೂ ಸಹಿ ಬಿದ್ದಿತ್ತು. ಪಶ್ಚಿಮ ದಂಡೆ ಮತ್ತು ಗಾಝಾಕ್ಕೆ ಸ್ವಯಮಾಡಳಿತ, ಐದು ವರ್ಷಗಳ ಮಧ್ಯಂತರ ವ್ಯವಸ್ಥೆ, ಆಮೇಲೆ ಅಂತಿಮ ತೀರ್ಮಾನ. ಅದು ಕಾಗದದಲ್ಲೇ ಉಳಿಯಿತು. ಮಾತುಕತೆಗೆ ಪ್ಯಾಲೆಸ್ತೀನಿಯರನ್ನೇ ಕರೆದಿರಲಿಲ್ಲ. ‘ಯಾಕೆ ಬೇಕು’ ಎಂದು ಅವರನ್ನು ಕೇಳಿದವರು ಯಾರು? ವಿದ್ವಾಂಸರು ಸಿನಾಯಿಯ ಕತೆಯನ್ನು ಹೇಳುವಷ್ಟು ಉತ್ಸಾಹದಿಂದ ಈ ಎರಡನೇ ಕಾಗದದ ಕತೆ ಹೇಳುವುದು ನನಗೆ ಕಂಡಿಲ್ಲ. ಗಾಝಾದ ಹೆಸರಲ್ಲಿ ಎಲ್ಲಿ ಸಭೆ ಸೇರಿದರೂ ನಾನು ಮೊದಲು ನೋಡುವುದು ಯಾರು ಕೂತಿದ್ದಾರೆ ಎಂದು. ಏನು ಬರೆದರು ಎಂಬುದು ಆಮೇಲೆ.