ಹಪ್ಪಳ ಅಮ್ಮನದು, ಫೋನು ಮಗನದು: ಊರ ಸರಕಿಗೆ ಗಿರಾಕಿ ಸಿಗುವ ದಾರಿ

"ಪೇಪರಲ್ಲಿ ಒಂದು ಸುದ್ದಿ ಹಾಕಿ ಮಾರಾಯ್ರೆ, ಸ್ವಲ್ಪ ಸೇಲ್ ಆಗ್ಲಿ." ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಸುದ್ದಿಗೆ ಓಡಾಡುವ ನಮ್ಮಂಥವರಿಗೆ ಈ ಮಾತು ಹೊಸದಲ್ಲ. ಭಂಡಿಗಡಿಯಂಥ ಊರಿನಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಬಾಳೆಕಾಯಿ ಚಿಪ್ಸ್ ಮಾಡುವ ಕೈಗಳಿಗೆ ಕೊರತೆಯಿಲ್ಲ. ಕೊಳ್ಳುವವರು ಮಾತ್ರ ಬೇರೆ ಊರಲ್ಲಿದ್ದಾರೆ. ಪೇಪರಿನಲ್ಲಿ ಬಂದ ಸುದ್ದಿಯ ಆಯುಸ್ಸು ಒಂದೇ ದಿನ, ಮರುದಿನ ಅದೇ ಪೇಪರು ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಹೋಗುತ್ತದೆ. ಆದ್ದರಿಂದ ನಾನು ಹೇಳುವುದಿಷ್ಟೇ: ನಿಮ್ಮ ಸುದ್ದಿಯನ್ನು ನೀವೇ ಹೇಳಲು ಕಲಿಯಿರಿ. ಅದಕ್ಕೆ ಬೇಕಾದ ಯಂತ್ರ ಈಗಾಗಲೇ ನಿಮ್ಮ ಜೇಬಲ್ಲಿದೆ.

ಇದು ಹವ್ಯಾಸದ ಮಾತಲ್ಲ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಹಳದಿ ಎಲೆ ರೋಗ ವರ್ಷಗಳಿಂದ ಅಡಿಕೆ ತೋಟ ತಿನ್ನುತ್ತಿದೆ, ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ತೋಟವೊಂದನ್ನೇ ನಂಬಿದ ಮನೆಗೆ ಇನ್ನೊಂದು ಆದಾಯ ಬೇಕೇ ಬೇಕು. ಆ ಆದಾಯ ಅಡುಗೆಮನೆಯಿಂದ ಬರಬಹುದು. ಆದರೆ ಹಪ್ಪಳದ ಕಟ್ಟನ್ನು ಪೇಟೆ ಅಂಗಡಿಗೆ ಕೊಟ್ಟು, ಅವರು ಹೇಳಿದ ರೇಟಿಗೆ ತಲೆ ಆಡಿಸಿ ಬರುತ್ತಿದ್ದರೆ ದುಡಿಮೆಯಷ್ಟೇ ನಮ್ಮದಾಗುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಕಂಟೆಂಟ್ ಮಾರ್ಕೆಟಿಂಗ್ ಎಂಬ ದೊಡ್ಡ ಹೆಸರಿದೆ. ಅರ್ಥ ಸಣ್ಣದು: "ನನ್ನ ಸರಕು ತಗೊಳ್ಳಿ" ಎಂದು ಕೂಗುವ ಬದಲು, ಕೇಳುವವರಿಗೆ ಉಪಯೋಗವಾಗುವ ಮಾತನ್ನು ಮೇಲಿಂದ ಮೇಲೆ ಹೇಳುತ್ತಿರುವುದು. ನಂಬಿಕೆ ಹುಟ್ಟಿದ ಮೇಲೆ ಅವರೇ ಕೇಳಿಕೊಂಡು ಬರುತ್ತಾರೆ. ಅಮೆರಿಕದಲ್ಲಿ ನೇಗಿಲು ಮಾಡುವ ಜಾನ್ ಡಿಯರ್ ಕಂಪನಿ 1895ರಲ್ಲೇ 'ದಿ ಫರೋ' ಎಂಬ ಕೃಷಿ ಪತ್ರಿಕೆ ಶುರು ಮಾಡಿತು. ರೈತರು ಅದನ್ನು ಓದಿದ್ದು ಬೇಸಾಯದ ಮಾತಿಗಾಗಿ.

ಅಷ್ಟು ದೂರ ಹೋಗುವುದೂ ಬೇಡ. ಘಟ್ಟ ಇಳಿದರೆ ಪುತ್ತೂರು. ಅಲ್ಲಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಪೆನ್ನು ಕೊಟ್ಟಿತು. ಅದೇ ಬಳಗದ ಶ್ರೀಪಡ್ರೆಯವರು 2021ರ ಲಾಕ್‌ಡೌನ್ ಸಮಯದಲ್ಲಿ, ಬಾಳೆಗೊನೆ ಕೇಳುವವರಿಲ್ಲದೆ ಕೊಳೆಯುತ್ತಿದ್ದಾಗ, ಬಾಳೆಕಾಯಿ ಹುಡಿ ಮಾಡುವ ವಿಚಾರಕ್ಕೆ ದನಿಯಾದರು. 'ಬಾಕಾಹು' ಎಂಬ ಪುಟ್ಟ ಹೆಸರು ಬಂತು. ಹೆಣ್ಣುಮಕ್ಕಳು ಹುಡಿ ಮಾಡಿದರು, ಅದರಲ್ಲಿ ದೋಸೆ ಹುಯ್ದರು, ಗುಲಾಬ್ ಜಾಮೂನು ಕರಿದರು, ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚಿಕೊಂಡರು. ಫೋಟೋ ನೋಡಿದವರು ಹುಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಆ ವರ್ಷದ ಜುಲೈ ಹೊತ್ತಿಗೆ ಪ್ರಧಾನಿಯ 'ಮನ್ ಕೀ ಬಾತ್'ನಲ್ಲೂ ಉತ್ತರ ಕನ್ನಡ, ದಕ್ಷಿಣ ಕನ್ನಡದ ಈ ಮಹಿಳೆಯರ ಮಾತು ಬಂತು. ಕಾಸು ಕೊಟ್ಟು ಹಾಕಿಸಿದ ಜಾಹೀರಾತಿನ ಕೆಲಸವನ್ನು ದೋಸೆಯ ಫೋಟೋ ಮಾಡಿತು.

ಹಾಗಾದರೆ ನಾವು ಏನು ಮಾಡಬೇಕು?

ಮೊದಲು, ಯಾರಿಗೆ ಹೇಳುತ್ತಿದ್ದೀರಿ ಎಂದು ಗೊತ್ತು ಮಾಡಿಕೊಳ್ಳಿ. ಲಕ್ಷ ಜನ ನೋಡಬೇಕು ಎಂಬ ಆಸೆ ಬಿಡಿ. ಮಲೆನಾಡಿನ ಪ್ರತಿ ಮನೆಯಿಂದಲೂ ಒಬ್ಬರಾದರೂ ಬೆಂಗಳೂರು ಸೇರಿದ್ದಾರೆ. ಹಪ್ಪಳದ ರುಚಿ ಗೊತ್ತಿರುವ, ಮಾಡಲು ಪುರುಸೊತ್ತಿಲ್ಲದ ಆ ಜನರೇ ನಿಮ್ಮ ಮೊದಲ ಗಿರಾಕಿಗಳು. ಇಂಥ ಇನ್ನೂರು ಮನೆ ಸಿಕ್ಕರೆ ಒಂದು ಸಂಸಾರದ ಸೀಸನ್ ಕಳೆಯುತ್ತದೆ.

ಎರಡನೆಯದು, ಏನು ಹೇಳುವುದು. ಒಂದು ನೋಟ್‌ಬುಕ್ ಇಡಿ. ಗಿರಾಕಿ ಕೇಳುವ ಪ್ರತಿ ಪ್ರಶ್ನೆಯನ್ನೂ ಬರೆದಿಡಿ. ಒಂದೊಂದು ಪ್ರಶ್ನೆಗೂ ಒಂದೊಂದು ನಿಮಿಷದ ವಿಡಿಯೋ ಆಗುತ್ತದೆ. "ಜೇನು ಗಟ್ಟಿಯಾಗಿದೆ, ಸಕ್ಕರೆ ಬೆರೆಸಿದ್ದೀರಾ?" ಎಂದು ಕೇಳುತ್ತಾರೆ. ಶುದ್ಧ ಜೇನೂ ಹರಳುಗಟ್ಟುತ್ತದೆ, ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ ಎಂದು ಮಾಡಿ ತೋರಿಸಿ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾದರೆ ಏನು ಮಾಡಬೇಕು, ಮಿಡಿಗೆ ಅಷ್ಟು ಉಪ್ಪು ಯಾಕೆ, ಇವೆಲ್ಲ ನಿಮಗೆ ನೀರು ಕುಡಿದಷ್ಟು ಸಲೀಸು. ಪೇಟೆಯವರಿಗೆ ಗೊತ್ತಿಲ್ಲ. ಹಿನ್ನೆಲೆಗೆ ಸಿನಿಮಾ ಹಾಡು ಬೇಡ, ನಮ್ಮ ಕಡೆಯ ಮಾತೇ ಸಾಕು.

ಮೂರನೆಯದು, ಯಾವಾಗ. ಸರಕು ತಯಾರಾದ ಮೇಲೆ ಬಾಯಿ ತೆರೆದರೆ ತಡವಾಯಿತು. ಹಲಸು ಬಲಿಯುವ ಹೊತ್ತಿಗೇ ಮರದ ಫೋಟೋ ಹೋಗಲಿ. ಮುಂದಿನ ವಾರ ತೊಳೆ ಬಿಡಿಸುವುದು, ಆಮೇಲೆ ಬೇಯಿಸಿ ಕುಟ್ಟುವುದು, ಆಮೇಲೆ ಬಿಸಿಲಿಗೆ ಚಾಪೆ ಹಾಸುವುದು. ನೋಡುತ್ತಾ ಬಂದವರು ಹಪ್ಪಳ ಒಣಗುವ ಮೊದಲೇ "ನಮಗೆ ಐದು ಕಟ್ಟು ಇಡಿ" ಎನ್ನುತ್ತಾರೆ. ಎಷ್ಟು ಮಾಡಬೇಕು ಎಂಬ ಲೆಕ್ಕವೂ ಮಳೆ ಹಿಡಿಯುವ ಮುಂಚೆ ಸಿಗುತ್ತದೆ. ವಾರಕ್ಕೆ ಒಂದೇ ಸಾಕು, ಆದರೆ ತಪ್ಪಬಾರದು. ಮನೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮನೆಯಲ್ಲೇ ತೆಗೆದಿಟ್ಟು ಪೇಟೆಗೆ ಹೋದಾಗ ಹಾಕಿ.

ನಾಲ್ಕನೆಯದು, ಎಲ್ಲಿ. ವಾಟ್ಸಾಪ್ ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ 256 ಜನರವರೆಗೆ ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಪ್ರತಿ ಪ್ಯಾಕೆಟ್ ಮೇಲೂ "ಈ ನಂಬರ್ ಸೇವ್ ಮಾಡಿಕೊಳ್ಳಿ, ಮುಂದಿನ ಸೀಸನ್‌ಗೆ ತಿಳಿಸುತ್ತೇವೆ" ಎಂದು ಬರೆಯಿರಿ. ವಾಟ್ಸಾಪ್ ಬಿಸಿನೆಸ್ ಆ್ಯಪಿನಲ್ಲಿ ಫೋಟೋ, ರೇಟು ಸಮೇತ ಪಟ್ಟಿ ಇಡಲು ಹಣ ಕೊಡಬೇಕಿಲ್ಲ. ವರ್ಷಗಟ್ಟಲೆ ಉಪಯೋಗಕ್ಕೆ ಬರುವ ವಿಡಿಯೋಗಳನ್ನು ಯೂಟ್ಯೂಬಿಗೆ ಹಾಕಿ, ಹುಡುಕಿದವರಿಗೆ ಸಿಗುವಂತೆ ಕನ್ನಡದಲ್ಲೇ ಹೆಸರಿಡಿ.

ಐದನೆಯದು, ಸುಳ್ಳು ಬೇಡ. ಜೇನು ತಿಂದರೆ ಶುಗರ್ ಹೋಗುತ್ತದೆ ಎಂದು ಯಾವತ್ತೂ ಬರೆಯಬೇಡಿ, ಅದನ್ನು ನಂಬಿ ಯಾರೋ ಮಾತ್ರೆ ಬಿಟ್ಟಾರು. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆ 14 ಅಂಕಿಯ ಸಂಖ್ಯೆಯನ್ನು ಪ್ಯಾಕೆಟ್ ಮೇಲೆ ಹಾಕಿ. ಸರಕು ಮುಗಿದರೆ ಮುಗಿಯಿತು ಎನ್ನಿ. ಬೇರೆ ಕಡೆಯಿಂದ ತಂದು ನಮ್ಮ ಮನೆಯದು ಎಂದು ಕೊಟ್ಟರೆ ನಾಲ್ಕು ವರ್ಷ ಕಟ್ಟಿದ ಹೆಸರು ಒಂದೇ ಪಾರ್ಸೆಲ್‌ನಲ್ಲಿ ಹೋಗುತ್ತದೆ.

ವ್ಯೂಸ್ ಎಣಿಸುವುದೂ ಬೇಡ. ಈ ತಿಂಗಳು ಎಷ್ಟು ಫೋನ್ ಬಂತು, ಹೋದ ವರ್ಷ ಕೊಂಡವರಲ್ಲಿ ಎಷ್ಟು ಜನ ಮತ್ತೆ ಕೊಂಡರು, ಇವೆರಡನ್ನು ಬರೆದಿಡಿ. ಸಾವಿರ ಲೈಕಿಗಿಂತ ಮತ್ತೆ ಬಂದ ಹತ್ತು ಗಿರಾಕಿ ದೊಡ್ಡವರು.

"ಎಲ್ಲರೂ ಇದನ್ನೇ ಮಾಡಿದರೆ ಕೊಳ್ಳುವವರು ಯಾರು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನೆಗೊಂದು ಬ್ರ್ಯಾಂಡ್ ಮಾಡಿ ಒಬ್ಬರ ರೇಟನ್ನು ಇನ್ನೊಬ್ಬರು ಇಳಿಸುತ್ತಾ ಹೋದರೆ ಕೊನೆಗೆ ಎಲ್ಲರೂ ಪೇಟೆ ಅಂಗಡಿಗೇ ವಾಪಸ್. ಅದಕ್ಕೇ ಸ್ವಸಹಾಯ ಸಂಘಗಳು ಇಲ್ಲಿ ಉಪಯೋಗಕ್ಕೆ ಬರಬೇಕು. ಹತ್ತು ಮನೆಗೆ ಒಂದು ನಂಬರ್, ಒಂದು ಹೆಸರು, ಒಂದು ರೇಟು ಇರಲಿ. ಒಬ್ಬರದು ಹಪ್ಪಳ, ಇನ್ನೊಬ್ಬರದು ಮಿಡಿ, ಮತ್ತೊಬ್ಬರದು ಜೇನು. ಬೆಂಗಳೂರಿನ ಗಿರಾಕಿಗೂ ಒಂದೇ ಪಾರ್ಸೆಲ್‌ನಲ್ಲಿ ಎಲ್ಲ ಸಿಗುತ್ತದೆ, ಕೊರಿಯರ್ ಖರ್ಚೂ ಹಂಚಿಹೋಗುತ್ತದೆ.

ಕೊನೆಯದಾಗಿ, ಈ ಲೇಖನ ಬರೆಯಲು ಮುಖ್ಯ ಕಾರಣವಾದ ಮಾತು. ಬಹಳ ಮನೆಗಳಲ್ಲಿ ಹಪ್ಪಳ ಲಟ್ಟಿಸುವುದು ಅಮ್ಮ, ಅಕ್ಕ, ಅತ್ತಿಗೆ. ಫೋನು, ನಂಬರು, ಗೂಗಲ್ ಪೇ ಮಾತ್ರ ಮಗನದೋ ಯಜಮಾನರದೋ. ಹಣ ಆ ಖಾತೆಗೆ ಬಿದ್ದ ಮೇಲೆ ದುಡಿದವರ ಕೈಗೆ ಎಷ್ಟು ಬಂತು ಎಂದು ಯಾರೂ ಕೇಳುವುದಿಲ್ಲ. ಮಗ ವಿಡಿಯೋ ತೆಗೆಯಲಿ, ಎಡಿಟ್ ಮಾಡಲಿ, ಪಾರ್ಸೆಲ್ ಹಾಕಲಿ, ಅದೂ ಕೆಲಸವೇ. ಆದರೆ ಪ್ಯಾಕೆಟ್ ಮೇಲಿನ ಹೆಸರು, ನಂಬರು ಮಾಡಿದವರದಾಗಲಿ. ಕ್ಯೂಆರ್ ಕೋಡ್ ಅವರ ಖಾತೆಗೇ ಹೋಗಲಿ. ಈ ಸಲದ ಹಲಸಿನ ಸೀಸನ್‌ಗೆ ಮುಂಚೆ ಒಂದು ದಿನ ಬ್ಯಾಂಕಿಗೆ ಹೋಗಿ ಅದೊಂದು ಕೆಲಸ ಮುಗಿಸಿ ಬನ್ನಿ. ವಿಡಿಯೋ ಆಮೇಲೆ ತೆಗೆದರೂ ನಡೆಯುತ್ತದೆ.