ಮೀನುಮರಿ ಕೆರೆಗೆ ಬಿದ್ದರೆ ಸಾಲದು, ಬದುಕಬೇಕು

ನೆದರ್‌ಲೆಂಡ್ಸ್‌ನ ಉತ್ತರ ತುದಿಯಲ್ಲಿರುವ ಗ್ರೋನಿಂಗನ್, ಕಾಲುವೆ ಮತ್ತು ತೂಬುಗಳ ಪ್ರಾಂತ್ಯ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಹೊಲಗಳ ನೀರನ್ನು ಪಂಪ್‌ಗಳು ಎತ್ತಿ ಹೊರಹಾಕುತ್ತವೆ. ಊರು ಮುಳುಗದಂತೆ ಕಾಯುವ ಇದೇ ವ್ಯವಸ್ಥೆ ಮೀನಿನ ದಾರಿಯನ್ನು ಕಡಿದಿದೆ. ಹೀಗಾಗಿ ಅಲ್ಲಿ ಮೀನುಗಳನ್ನು ಮನುಷ್ಯರೇ ಒಂದು ನೀರಿನಿಂದ ಇನ್ನೊಂದಕ್ಕೆ ಸಾಗಿಸುವ ಸಂದರ್ಭಗಳು ಬರುತ್ತವೆ. ಕಾಲುವೆಯೊಂದನ್ನು ಮುಚ್ಚುವ ಮೊದಲು ಅದರಲ್ಲಿರುವ ಮೀನುಗಳನ್ನು ಹಿಡಿದು ಬೇರೆಡೆ ಬಿಡುವುದು ರೂಢಿ. ಕಾಡುಜೀವಿಗಳಿಗೆ ವಿನಾಕಾರಣ ಹಾನಿಯಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಕಾನೂನೇ ಕಾಮಗಾರಿ ನಡೆಸುವವರ ಮೇಲೆ ಹೊರಿಸಿದೆ.

ಕರ್ನಾಟಕದಲ್ಲಿ ಇದೇ ಕೆಲಸ ಹೆಚ್ಚು ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಮುಂಗಾರಿಗೆ ಕೆರೆಗಳು ತುಂಬುತ್ತಿದ್ದಂತೆ ಬಿ.ಆರ್. ಪ್ರಾಜೆಕ್ಟ್, ತುಂಗಭದ್ರಾ ಅಣೆಕಟ್ಟೆಯಂಥ ಕಡೆಗಳ ಮೀನುಮರಿ ಕೇಂದ್ರಗಳಿಂದ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಊರೂರಿಗೆ ಹೊರಡುತ್ತವೆ. ಕೊಡುವಾಗ ಲೆಕ್ಕ ಇರುತ್ತದೆ, ಕೆರೆಗೆ ಬಿಟ್ಟಿದ್ದಕ್ಕೂ ಲೆಕ್ಕ ಇರುತ್ತದೆ. ಒಂದು ವಾರದ ಬಳಿಕ ಎಷ್ಟು ಮರಿ ಉಳಿದವು ಎಂಬ ಲೆಕ್ಕ ಮಾತ್ರ ಸಾಮಾನ್ಯವಾಗಿ ಯಾರ ಪುಸ್ತಕದಲ್ಲೂ ಇರುವುದಿಲ್ಲ. ಸಾಗಣೆಯನ್ನು ಬರೀ ವಾಹನದ ಪ್ರಯಾಣವೆಂದು ತಿಳಿದಿರುವುದೇ ಇದಕ್ಕೆ ಕಾರಣ. ಮೀನಿನ ಪಾಲಿಗೆ ಸಾಗಣೆ ಹಿಂದಿನ ದಿನವೇ ಶುರುವಾಗಿ, ಕೆರೆ ಸೇರಿದ ಹಲವು ದಿನಗಳ ನಂತರ ಮುಗಿಯುತ್ತದೆ.

ಮೊದಲನೆಯದು ಹೊರಡುವ ಮುನ್ನಿನ ಸಿದ್ಧತೆ. ಹೊಟ್ಟೆ ತುಂಬಿದ ಮರಿಯನ್ನು ಚೀಲಕ್ಕೆ ಹಾಕಿದರೆ ಅದು ಅಲ್ಲೇ ವಿಸರ್ಜಿಸುತ್ತದೆ. ನೀರು ಕೆಡುತ್ತದೆ, ಅಮೋನಿಯಾ ಏರುತ್ತದೆ. ಅದಕ್ಕೇ ಹೊರಡುವ ಮೊದಲು ಸುಮಾರು ಒಂದು ದಿನ ಆಹಾರ ನಿಲ್ಲಿಸಿ, ಹಾಪಾ ಎಂಬ ಬಲೆಗೂಡಿನೊಳಗೆ ಶುದ್ಧ ನೀರಿನಲ್ಲಿ ಇಕ್ಕಟ್ಟಿಗೆ ಒಗ್ಗಿಸಬೇಕು. ಬಲೆ ಎಳೆದು ಹಿಡಿದ ಕೂಡಲೇ ತುಂಬಿಸಿದರೆ ಅರ್ಧ ಹಾನಿ ಅಲ್ಲೇ ಆಗಿರುತ್ತದೆ. ಮೀನಿನ ಮೈಮೇಲಿನ ಲೋಳೆ ಅದರ ರಕ್ಷಾಕವಚ. ಅದು ಉಜ್ಜಿಹೋದರೆ ದೇಹದ ಲವಣ ನೀರಿಗೆ ಸೋರುತ್ತದೆ, ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ದಾರಿಯಾಗುತ್ತದೆ. ಸಾಗಣೆಯ ನೀರಿಗೆ ಲೀಟರಿಗೆ ಒಂದೆರಡು ಗ್ರಾಂ ಉಪ್ಪು ಬೆರೆಸುವ ರೂಢಿ ಬಂದದ್ದು ಈ ಸೋರಿಕೆ ತಗ್ಗಿಸಲೆಂದೇ.

ಎರಡನೆಯದು ಶಾಖ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಮೀನಿನ ಉಸಿರಾಟದ ಬೇಡಿಕೆ ಹೆಚ್ಚುತ್ತದೆ. ಬೇಕಾದದ್ದು ಏರುತ್ತದೆ, ಸಿಗುವುದು ಇಳಿಯುತ್ತದೆ. ಗ್ರೋನಿಂಗನ್‌ನ ತಂಪು ಹವೆ ಅಲ್ಲಿಯವರ ಅನೇಕ ಲೋಪಗಳನ್ನು ಮನ್ನಿಸಬಹುದು. ರಾಯಚೂರು, ಬಳ್ಳಾರಿಯ ಮಧ್ಯಾಹ್ನ ಒಂದನ್ನೂ ಮನ್ನಿಸುವುದಿಲ್ಲ. ನಸುಕಿನಲ್ಲಿ ಅಥವಾ ರಾತ್ರಿ ಸಾಗಿಸಬೇಕೆಂಬುದನ್ನು ಚಾಲಕನ ಅನುಕೂಲಕ್ಕೆ ಬಿಡಲಾಗದು.

ಎಲ್ಲಕ್ಕಿಂತ ಅಪಾಯದ ಗಳಿಗೆ ಕೆರೆಯ ದಡದಲ್ಲಿ ಬರುತ್ತದೆ. ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದೆರಡು ಪಾಲು ಆಮ್ಲಜನಕ ತುಂಬುವುದು ವಾಡಿಕೆ. ದಾರಿಯುದ್ದಕ್ಕೂ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ಚೀಲದ ನೀರು ಹುಳಿಯಾಗಿರುತ್ತದೆ. ಆ ಹುಳಿಯಲ್ಲಿ ಅಮೋನಿಯಾದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹಾರಿಹೋಗಿ ಹುಳಿ ತಗ್ಗುತ್ತದೆ. ಅಲ್ಲಿವರೆಗೆ ಸುಮ್ಮನಿದ್ದ ಅಮೋನಿಯಾ ವಿಷವಾಗುತ್ತದೆ. ಆದ್ದರಿಂದ ಚೀಲವನ್ನು ಬಿಚ್ಚದೆಯೇ ಕೆರೆಯ ನೀರಿನಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ ತೇಲಬಿಡಬೇಕು. ಶಾಖ ಸರಿಹೊಂದಿದ ಮೇಲೆ ಬಿಚ್ಚಿ, ಕೆರೆಯ ನೀರು ಬೆರೆಸಿ, ತಡಮಾಡದೆ ಮರಿಗಳು ತಾವಾಗಿ ಈಜಿ ಹೋಗಲು ಬಿಡಬೇಕು. ಬಿಚ್ಚಿದ ಚೀಲಗಳನ್ನು ದಡದಲ್ಲಿ ಸಾಲಾಗಿಟ್ಟು ಅತಿಥಿಗಳಿಗಾಗಿ ಕಾಯುವುದು, ಫೋಟೊಗಾಗಿ ಮರಿಗಳನ್ನು ಎತ್ತರದಿಂದ ಸುರಿಯುವುದು ತಿಳಿಯದೆ ಮಾಡುವ ಹಿಂಸೆ. ಹೀಗೆ ಬಳಲಿದ ಮರಿ ಆ ದಿನ ಈಜುತ್ತದೆ, ಮೂರ್ನಾಲ್ಕು ದಿನಗಳ ನಂತರ ಕಣ್ಣಿಗೆ ಬೀಳದಂತೆ ಸಾಯುತ್ತದೆ. ನಷ್ಟ ಸಾಗಿಸಿದವರಿಗಲ್ಲ, ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘಕ್ಕೆ.

ಗ್ರೋನಿಂಗನ್ ಇನ್ನೊಂದು ಎಚ್ಚರವನ್ನೂ ಕೊಡುತ್ತದೆ. ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನನ್ನು ಅಭ್ಯಸಿಸಿದ್ದಾರೆ. ಪಂಪ್‌ಗಳಿಂದಾಗಿ ಸುಮಾರು 50 ವರ್ಷ ಸಮುದ್ರದ ಸಂಪರ್ಕ ಕಳೆದುಕೊಂಡ ಮೀನುಗಳು, ಸಮುದ್ರಕ್ಕೆ ಹೋಗಿ ಬರುವ ತಮ್ಮದೇ ಜಾತಿಯ ಮೀನುಗಳಿಗಿಂತ ಗಾತ್ರದಲ್ಲೂ ನಡವಳಿಕೆಯಲ್ಲೂ ಬೇರೆಯಾಗಿವೆ. ಒಂದೇ ಜಾತಿಯಾದರೂ ಎರಡು ನೀರಿನ ಮೀನುಗಳು ಒಂದೇ ಅಲ್ಲ. ಎಲ್ಲಿಯ ಮೀನನ್ನು ಎಲ್ಲಿಗೆ ಒಯ್ಯುತ್ತಿದ್ದೇವೆ ಎಂದು ಕೇಳದೆ ಹೊರಡಬಾರದು. ಚೀಲದ ನೀರಿನೊಂದಿಗೆ ರೋಗವೂ ಬರುತ್ತದೆ. 1988ರಲ್ಲಿ ಭಾರತಕ್ಕೆ ಕಾಲಿಟ್ಟ ಹುಣ್ಣು ರೋಗ ಸಿಹಿನೀರಿನ ಮೀನುಗಾರರನ್ನು ಹೇಗೆ ಕಂಗೆಡಿಸಿತೆಂಬುದು ಮರೆಯುವಂಥದ್ದಲ್ಲ.

ನಿಯಮಗಳ ವಿಷಯದಲ್ಲಿ ಯುರೋಪ್ ಎಲ್ಲವನ್ನೂ ಗೆದ್ದಿದೆ ಎನ್ನಲಾಗದು. ಪ್ರಾಣಿ ಸಾಗಣೆ ಕುರಿತ ಅಲ್ಲಿನ 2005ರ ನಿಯಮ ಬೆನ್ನೆಲುಬುಳ್ಳ ಎಲ್ಲ ಪ್ರಾಣಿಗಳಿಗೂ, ಅಂದರೆ ಮೀನಿಗೂ, ಅನ್ವಯಿಸುತ್ತದೆ. ಆದರೆ ಅದರ ಬಹುತೇಕ ವಿವರಗಳು ದನ, ಹಂದಿ, ಕೋಳಿಗಳಂಥ ನೆಲದ ಪ್ರಾಣಿಗಳ ಸುತ್ತಲೇ ಇವೆ. ಜಲಚರಗಳಿಗಾಗಿಯೇ ಪ್ರತ್ಯೇಕ ವಿವರಗಳುಳ್ಳ ಪರಿಷ್ಕರಣೆಯ ಪ್ರಸ್ತಾವ ಬಂದದ್ದು 2023ರ ಡಿಸೆಂಬರ್‌ನಲ್ಲಿ. ನಮ್ಮ 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ದನ, ಕುರಿ, ನಾಯಿ, ಮಂಗಗಳಿಗೆ ಅಧ್ಯಾಯಗಳಿವೆ, ಮೀನಿಗಿಲ್ಲ.

ಕಾನೂನಿಗಾಗಿ ಕಾಯದೆ ರಾಜ್ಯದ ಮೀನುಗಾರಿಕೆ ಇಲಾಖೆ ಈ ಮುಂಗಾರಿನಿಂದಲೇ ನಾಲ್ಕು ಕೆಲಸ ಮಾಡಬಹುದು. ಒಂದು, ಪ್ರತಿ ಸರಕಿನೊಂದಿಗೆ ಮರಿಗಳ ಮೂಲ, ಆಹಾರ ನಿಲ್ಲಿಸಿದ ಸಮಯ, ಚೀಲ ಕಟ್ಟಿದ ಸಮಯ ನಮೂದಿಸಿದ ಚೀಟಿ ಇರಲಿ. ಎರಡು, ಬಿಸಿಲೇರಿದ ಮೇಲೆ ಸಾಗಣೆ ನಿಲ್ಲಲಿ. ಮೂರು, ಪ್ರತಿ ಸರಕಿನಿಂದ ನೂರು ಮರಿಗಳನ್ನು ಕೆರೆಯಲ್ಲೇ ಕಟ್ಟಿದ ಹಾಪಾದಲ್ಲಿ ಕೆಲವು ದಿನ ಇಟ್ಟು, ಬದುಕುಳಿದವನ್ನು ಸಹಕಾರ ಸಂಘದವರ ಎದುರೇ ಎಣಿಸಲಿ. ಪೂರೈಕೆದಾರರ ಹಣದ ಒಂದು ಪಾಲನ್ನು ಆ ಎಣಿಕೆಯ ನಂತರವೇ ಕೊಡಲಿ. ನಾಲ್ಕು, 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ತಜ್ಞರು ಚಾಲಕರಿಗೂ ಸಂಘದ ಸದಸ್ಯರಿಗೂ ಕೆರೆ ದಂಡೆಯಲ್ಲೇ ತರಬೇತಿ ಕೊಡಲಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಡ, ದೊಡ್ಡ ಅನುದಾನವೂ ಬೇಡ. ಸತ್ತ ಮರಿಗೆ ಒಬ್ಬರು ಉತ್ತರ ಕೊಡಬೇಕಾಗಿ ಬಂದರೆ ಉಪವಾಸವೂ ನಡೆಯುತ್ತದೆ, ನೆರಳೂ ಸಿಗುತ್ತದೆ, ದಡದಲ್ಲಿ ಅರ್ಧ ಗಂಟೆಯ ತಾಳ್ಮೆಯೂ ಬರುತ್ತದೆ. ಬಿತ್ತನೆಯ ಯಶಸ್ಸನ್ನು ಬಿಟ್ಟ ಮರಿಗಳಿಂದಲ್ಲ, ಬದುಕಿದ ಮರಿಗಳಿಂದಲೇ ಅಳೆಯುವುದಾಗಿ ಇಲಾಖೆ ಘೋಷಿಸಲಿ.