ಬೋನಿಟ್ಟವರು ಎಲ್ಲಿ ಹೋದರು?

ನ್ಯೂಹೌಸ್ ಆರನೇ ನಂಬರಿನ ಕರಡಿ ಬೋನಿನ ತೂಕ 42 ಪೌಂಡು, ಹೆಚ್ಚೂಕಡಿಮೆ 19 ಕಿಲೋ. ಹಲ್ಲುಳ್ಳ ಎರಡು ಕಬ್ಬಿಣದ ದವಡೆಗಳನ್ನು ಪೂರ್ತಿ ತೆರೆದು ನೆಲಕ್ಕೆ ಹಾಸಿದರೆ ಬಾಯಿಯ ಅಗಲ 16 ಅಂಗುಲ. ದವಡೆಯ ಎರಡೂ ತುದಿಗೆ ಉಕ್ಕಿನ ಪಟ್ಟಿ ಮಡಚಿ ಮಾಡಿದ ಸ್ಪ್ರಿಂಗು. ಅದನ್ನು ಅದುಮಲು ಕೈಬಲ ಸಾಲದು, ತಿರುಪಿನ ಕ್ಲ್ಯಾಂಪು ಹಾಕಿ ಬಿಗಿಯಬೇಕು. ನಡುವೆ ಒಂದು ತಟ್ಟೆ. ಅದರ ಮೇಲೆ ಪಾದದ ಭಾರ ಬಿದ್ದರೆ ಕೊಂಡಿ ಕಳಚುತ್ತದೆ, ದವಡೆ ಮುಚ್ಚುತ್ತದೆ. ಅಮೆರಿಕದಲ್ಲಿ ಇಂಥವನ್ನು ಹುಡುಕಿಕೊಂಡು ಹೋಗಿ ಕೊಳ್ಳುವ ಹವ್ಯಾಸಿಗಳಿದ್ದಾರೆ. ಅವರದೇ ಸಂಘ, ಅವರದೇ ಮೇಳ, ಬೆಲೆಯ ಕೈಪಿಡಿಗಳೂ ಇವೆ. ತಟ್ಟೆಯ ಮೇಲಿನ ಅಚ್ಚಕ್ಷರ ಓದುವಂತಿದ್ದರೆ ಒಂದು ಬೆಲೆ, ತುಕ್ಕು ತಿಂದಿದ್ದರೆ ಇನ್ನೊಂದು. ಬೆಲೆ ಬಂದ ಮೇಲೆ ನಕಲಿಯೂ ಬರಲೇಬೇಕಲ್ಲ. ಮೊನ್ನೆ ಮೊನ್ನೆ ಎರಕಹೊಯ್ದು ತುಕ್ಕು ಹಿಡಿಸಿದ ‘ಪುರಾತನ’ ಬೋನುಗಳೂ ಬಿಕರಿಯಾಗುತ್ತವೆ.

ಪ್ರಾಣಿಯೊಂದರ ಕಾಲು ಹಿಡಿದು ನಿಲ್ಲಿಸಲೆಂದೇ ಮಾಡಿದ ವಸ್ತುವಿಗೆ ಎಣ್ಣೆ ಸವರಿ, ಗೋಡೆಗೆ ತೂಗುಹಾಕಿ, ಬಂದವರಿಗೆ ತೋರಿಸಿ ಹಿಗ್ಗುವುದು ಸರಿಯೇ? ಹಳೆಯ ಬೋನುಗಳ ಸಂಗ್ರಹದ ಸುದ್ದಿ ಬಂದಾಗಲೆಲ್ಲ ಏಳುವ ಪ್ರಶ್ನೆ ಇದು. ಉತ್ತರಗಳೂ ಸಿದ್ಧವಾಗಿವೆ. ಕ್ರೌರ್ಯವನ್ನು ಅಲಂಕಾರ ಮಾಡಿಕೊಳ್ಳಬಾರದು ಎಂಬುದೊಂದು, ಇತಿಹಾಸವನ್ನು ಗುಜರಿಗೆ ಹಾಕಬಾರದು ಎಂಬುದಿನ್ನೊಂದು. ಎರಡನ್ನೂ ಹೇಳುವವರು ಬೋನನ್ನು ಸರಿಯಾಗಿ ನೋಡಿಲ್ಲ ಎನ್ನುವುದು ನನ್ನ ಗುಮಾನಿ.

ನೋಡಲು ಎಷ್ಟಿದೆ! ನ್ಯೂಹೌಸ್ ಬೋನಿನ ಕತೆಯನ್ನೇ ತೆಗೆದುಕೊಳ್ಳಿ. ಸಿವೆಲ್ ನ್ಯೂಹೌಸ್ ನ್ಯೂಯಾರ್ಕ್ ರಾಜ್ಯದ ಒನೈಡಾ ಸೀಮೆಯ ಕಮ್ಮಾರ. 1848ರಲ್ಲಿ ಜಾನ್ ಹಂಫ್ರಿ ನಾಯ್ಸ್ ಎಂಬ ಧರ್ಮಬೋಧಕ ಅಲ್ಲೊಂದು ಸಮುದಾಯ ಕಟ್ಟಿದ. ಆಸ್ತಿಯೆಲ್ಲ ಸಮಷ್ಟಿಯದು, ಮದುವೆಯೂ ಇಬ್ಬರ ನಡುವಿನ ಖಾಸಗಿ ಒಪ್ಪಂದವಲ್ಲ, ಮನುಷ್ಯ ಈ ಲೋಕದಲ್ಲೇ ಪಾಪಮುಕ್ತನಾಗಬಲ್ಲ ಎಂಬುದು ಅವರ ನಂಬಿಕೆ. ನ್ಯೂಹೌಸ್ ಈ ಸಮುದಾಯ ಸೇರಿದ, ತನ್ನ ಬೋನಿನ ಕಸುಬನ್ನೂ ಜೊತೆಗೆ ತಂದ. ಕೆಲವೇ ವರ್ಷಗಳಲ್ಲಿ ಪಾಪಮುಕ್ತರ ಆ ಊರಿಗೆ ಬೋನು ತಯಾರಿಕೆಯೇ ಮುಖ್ಯ ವರಮಾನವಾಯಿತು. ಬೀವರ್, ನೀರುನಾಯಿ, ನರಿ, ತೋಳ, ಕರಡಿ, ಒಂದೊಂದಕ್ಕೂ ಒಂದೊಂದು ನಂಬರು. 1881ರಲ್ಲಿ ಸಮುದಾಯ ಚದುರಿ ಷೇರು ಕಂಪನಿಯಾಯಿತು. ಅದೇ ಕಂಪನಿ ಮುಂದೆ ಊಟದ ಮೇಜಿನ ಚಮಚ, ಫೋರ್ಕುಗಳಿಗೆ ಹೆಸರಾಯಿತು. ಇದನ್ನು ವ್ಯಂಗ್ಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಆ ಕಾಲದ ಅಮೆರಿಕದಲ್ಲಿ ತುಪ್ಪಟ ವ್ಯಾಪಾರ ಎಷ್ಟು ಮಾಮೂಲಿಯಾಗಿತ್ತೆಂದರೆ, ಅದರ ಹಣದಲ್ಲಿ ಸ್ವರ್ಗ ಕಟ್ಟುವುದು ಅವರಿಗೆ ವಿಚಿತ್ರವೇ ಅನಿಸಲಿಲ್ಲ.

ಇಲಿಯ ವಿಷಯಕ್ಕೆ ಬಂದರೆ ಮನುಷ್ಯನ ಬುದ್ಧಿ ಇನ್ನೂ ಚುರುಕು. ಮರದ ತುಂಡಿನ ಮೇಲೆ ತಂತಿ ಬಿಗಿದ ‘ಟಪ್’ ಎನ್ನುವ ಬೋನಿಗೆ ಇಲಿನಾಯ್ ರಾಜ್ಯದ ವಿಲಿಯಂ ಹೂಕರ್ 1894ರಲ್ಲಿ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೇಮ್ಸ್ ಹೆನ್ರಿ ಅಟ್ಕಿನ್‌ಸನ್ ‘ಲಿಟ್ಲ್ ನಿಪ್ಪರ್’ ಮಾಡಿದ. ಅಮೆರಿಕದ ಪೇಟೆಂಟ್ ಕಚೇರಿ ಈವರೆಗೆ ಕೊಟ್ಟ ಇಲಿಬೋನಿನ ಪೇಟೆಂಟುಗಳು 4,000ಕ್ಕೂ ಮಿಕ್ಕಿವೆ. ಜರ್ಮನಿಯ ಐಫೆಲ್ ಗುಡ್ಡಗಾಡಿನ ನೆರೋತ್ ಎಂಬ ಬಡ ಹಳ್ಳಿಯಂತೂ ತಂತಿ ಹೆಣೆದು ಇಲಿಬೋನು ಮಾಡಿಯೇ ಬದುಕಿತು. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಕೂತು ಹೆಣೆಯುವುದು, ಗಂಡಸರು ಹೊತ್ತು ಊರೂರು ಮಾರುವುದು. ಇಂದು ಅಲ್ಲೊಂದು ಇಲಿಬೋನಿನ ವಸ್ತುಸಂಗ್ರಹಾಲಯವೇ ಇದೆ.

ನಮ್ಮ ಅಡುಗೆಮನೆಯ ಇಲಿಬೋನೂ ಕಡಿಮೆಯದಲ್ಲ. ಮರದ ಪೆಟ್ಟಿಗೆ, ಒಂದು ಪಕ್ಕಕ್ಕೆ ಕಂಬಿ, ಮೇಲೆ ಬಾಗಿಲನ್ನು ಎಳೆದು ಹಿಡಿಯುವ ಸ್ಪ್ರಿಂಗು, ಒಳಗೆ ಇಳಿಬಿದ್ದ ಕೊಕ್ಕೆ. ಕೊಕ್ಕೆಗೆ ಕೊಬ್ಬರಿ ಚೂರನ್ನೋ ತಣಿದ ಬಜ್ಜಿಯನ್ನೋ ಸಿಕ್ಕಿಸುತ್ತೇವೆ. ಕೊಬ್ಬರಿಯನ್ನು ಸುಟ್ಟೇ ಸಿಕ್ಕಿಸಬೇಕೆಂದು ಹಿರಿಯರು ಹೇಳುವುದು ಸುಮ್ಮನಲ್ಲ; ವಾಸನೆ ದೂರ ಹೋಗಬೇಕು. ಬೋನನ್ನು ಕೋಣೆಯ ನಡುವೆ ಇಡದೆ ಗೋಡೆಗೆ ಒತ್ತಿಸಿ ಇಡುತ್ತೇವೆ, ಏಕೆಂದರೆ ಇಲಿ ಗೋಡೆ ಸವರಿಕೊಂಡು ಓಡುತ್ತದೆ. ಹೊಸ ವಸ್ತು ಕಂಡರೆ ಅದಕ್ಕೆ ಅನುಮಾನ, ಅದಕ್ಕೇ ಎರಡು ದಿನ ಬೋನನ್ನು ಬಾಗಿಲು ಕಟ್ಟಿ ಸುಮ್ಮನೆ ಬಿಡುವವರೂ ಉಂಟು. ಒಳ್ಳೆಯ ಬೋನು ಅಂದರೆ ಒಂದು ಪ್ರಾಣಿಯ ನಡೆ, ಹಸಿವು, ಭಯಗಳನ್ನು ಬಲ್ಲವನು ಆ ಬಲ್ಲವಿಕೆಯನ್ನು ಮರ, ಕಬ್ಬಿಣಗಳಲ್ಲಿ ಇಳಿಸಿಟ್ಟದ್ದು. ಸಂಗ್ರಹಕಾರನ ಪ್ರೀತಿಗೆ ಇಷ್ಟು ಕಾರಣ ಸಾಕು, ಅದರಲ್ಲಿ ವಿಕೃತಿ ಹುಡುಕಬೇಕಾಗಿಲ್ಲ.

ಹಾಗಾದರೆ ಕ್ರೌರ್ಯ ಎಲ್ಲಿದೆ? ಹಲ್ಲಿನಲ್ಲಿದೆ ಎಂದು ಕಣ್ಣು ಹೇಳುತ್ತದೆ. ನನಗೆ ಹಾಗನಿಸುವುದಿಲ್ಲ. ಈಟಿ, ಬಿಲ್ಲು, ಬಂದೂಕುಗಳಿಗೂ ಬೋನಿಗೂ ಇರುವ ದೊಡ್ಡ ವ್ಯತ್ಯಾಸ, ಬೋನು ಕೆಲಸ ಮಾಡುವಾಗ ಅಲ್ಲಿ ಮನುಷ್ಯ ಇರುವುದಿಲ್ಲ. ನಾವು ಮಲಗಿರುವಾಗ, ಊರಲ್ಲಿರುವಾಗ, ಮರೆತಿರುವಾಗ ನಮ್ಮ ಪರವಾಗಿ ಅದು ಕಾಯುತ್ತದೆ. ಪ್ರಾಣಿ ಸಿಕ್ಕಿಬಿದ್ದ ಗಳಿಗೆಗೂ ಯಾರಾದರೂ ಬಂದು ನೋಡುವ ಗಳಿಗೆಗೂ ನಡುವೆ ಎಷ್ಟು ಹೊತ್ತು ಕಳೆಯಿತು ಎನ್ನುವುದೇ ಅದರ ಕ್ರೌರ್ಯದ ಅಳತೆ. ಸಂಜೆ ಇಟ್ಟು ಬೆಳಗ್ಗೆ ನೋಡುವ ಇಲಿಬೋನು ಒಂದು ರೀತಿ. ಹಿಮದ ಕಾಡಿನಲ್ಲಿ ಹತ್ತಾರು ಮೈಲಿಯ ಸಾಲಿಗೆ ದವಡೆ ಬೋನುಗಳನ್ನಿಟ್ಟು, ದಿನಗಟ್ಟಲೆ ಬಿಟ್ಟು ಸುತ್ತಿಬರುವುದು ಇನ್ನೊಂದು ರೀತಿ. ಹಲ್ಲಿಲ್ಲದ ಬೋನೂ ಮರೆತುಹೋದರೆ ಹಲ್ಲಿರುವುದಕ್ಕಿಂತ ಕ್ರೂರ. ಸಸೆಕ್ಸ್‌ನ ಕೊಲಿನ್ ಪುಲಿಂಗರ್ 1861ರ ಹೊತ್ತಿಗೆ ಮಾಡಿದ ಇಲಿಬೋನಿನಲ್ಲಿ ಒಳಗೊಂದು ಏತದ ಹಲಗೆ. ಒಂದು ಇಲಿ ಆಚೆ ಬಿದ್ದ ಕೂಡಲೇ ಹಲಗೆ ಮತ್ತೊಂದಕ್ಕೆ ಬಾಗಿಲು ತೆರೆಯುತ್ತದೆ, ಮತ್ತೆ ಸಜ್ಜುಮಾಡುವ ತಾಪತ್ರಯವಿಲ್ಲ. ಯಾವ ಇಲಿಗೂ ಗಾಯವಾಗದು. ಆದರೆ ಮನೆಯವರು ವಾರಕ್ಕೆ ನೆಂಟರೂರಿಗೆ ಹೋದರೆ ಒಳಗಿನ ಗತಿ ಏನು?

ಕಾನೂನು ಬರೆದವರಿಗೆ ಇದು ಹೊಳೆದಿತ್ತು. ಬ್ರಿಟನ್ನಿನ 1911ರ ಪ್ರಾಣಿ ರಕ್ಷಣಾ ಕಾಯಿದೆ ಮೊಲ ಹಿಡಿಯಲು ಸ್ಪ್ರಿಂಗ್ ಬೋನು ಇಡುವವನು ದಿನಕ್ಕೆ ಒಂದು ಸಲವಾದರೂ ಹೋಗಿ ನೋಡಲೇಬೇಕೆಂದು ವಿಧಿಸಿತು. ಬೋನಿನ ಆಕಾರವನ್ನು ಅದು ಪ್ರಶ್ನಿಸಲಿಲ್ಲ, ಬೋನಿಟ್ಟವನ ಗೈರುಹಾಜರಿಗೆ ಮಿತಿ ಹಾಕಿತು. ಅಷ್ಟು ಸಾಲದೆಂದು ತಿಳಿಯಲು ಇನ್ನೂ ನಾಲ್ಕು ದಶಕ ಬೇಕಾಯಿತು. 1954ರ ಕಾಯಿದೆಯಂತೆ 1958ರಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ದವಡೆ ಬೋನು ಇಡುವುದು ಅಪರಾಧವಾಯಿತು. ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಹಾಗಾಗಿ ಕೊಟ್ಟಿಗೆಯ ಮೂಲೆಯಿಂದ ಅವು ಹಳೆ ಸಾಮಾನಿನ ಅಂಗಡಿಗೆ ಬಂದವು. ಅದಕ್ಕೂ ಮೊದಲು ಅಲ್ಲಿನ ಜಮೀನ್ದಾರರು ಕಳ್ಳಬೇಟೆಯವರ ಕಾಲು ಹಿಡಿಯಲು ಮನುಷ್ಯಬೋನನ್ನೇ ಇಡುತ್ತಿದ್ದರು. 1827ರಲ್ಲಿ ಅದೂ ನಿಷೇಧವಾಯಿತು, ರಾತ್ರಿ ವೇಳೆ ವಾಸದ ಮನೆಯೊಳಗೆ ಇಡುವುದೊಂದು ಬಿಟ್ಟು. ಮನುಷ್ಯನ ಕಾಲಿಗೂ ಮೊಲದ ಕಾಲಿಗೂ ನಡುವೆ ಕಾನೂನು ನಡೆದ ದೂರ 127 ವರ್ಷ. ಮನುಷ್ಯಬೋನನ್ನು ಕಣ್ಣಾರೆ ನೋಡದವನಿಗೆ ಆ ಕಾಯಿದೆಯ ಒಂದು ಸಾಲೂ ಅರ್ಥವಾಗದು. ಸಂಗ್ರಹ ಬೇಕು ಎನ್ನುವುದಕ್ಕೆ ಇದು ಗಟ್ಟಿ ಸಮರ್ಥನೆ.

ಆದರೆ ಹಲ್ಲಿನ ಬೋನನ್ನು ನೋಡಿ ‘ಅಬ್ಬಾ, ಆಗಿನವರು ಎಂಥಾ ಕಟುಕರು’ ಎಂದು ನಿಟ್ಟುಸಿರಿಡುವ ನಾವು ನಮ್ಮ ಅಂಗಡಿಯಿಂದ ಏನು ತರುತ್ತಿದ್ದೇವೆ? ಬ್ರೊಮಾಡಿಯೋಲೋನ್ ಹಾಕಿದ ಇಲಿಪಾಷಾಣದ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವುದು ನಿಂತು, ಒಳಗೊಳಗೇ ಸುರಿದು, ಕೆಲವು ದಿನಗಳಲ್ಲಿ ಸಾಯುತ್ತದೆ. ಈ ತಡ ಬೇಕೆಂದೇ ಇದೆ. ತಿಂದ ಕೂಡಲೇ ಸತ್ತರೆ ಉಳಿದ ಇಲಿಗಳು ಆ ತಿನಿಸನ್ನು ಮುಟ್ಟುವುದಿಲ್ಲ. ಈ ಜಾತಿಯ ಮೊದಲ ಪಾಷಾಣ 1948ರಲ್ಲಿ ಮಾರುಕಟ್ಟೆಗೆ ಬಂದ ವಾರ್ಫರಿನ್, ಇಂದು ಎಷ್ಟೋ ಹೃದ್ರೋಗಿಗಳು ನುಂಗುವ ಮಾತ್ರೆಯೂ ಅದೇ. ಪಾಷಾಣ ತಿಂದು ಮಂಕಾದ ಇಲಿಯನ್ನು ಗೂಬೆ ಹಿಡಿದರೆ ವಿಷ ಗೂಬೆಗೂ ಏರುತ್ತದೆ. ಇನ್ನು ಅಂಟಿನ ಹಲಗೆ. ಕಾಲು, ಮೀಸೆ, ಹೊಟ್ಟೆಯೆಲ್ಲ ಅಂಟಿಕೊಂಡ ಇಲಿ ಬಿಡಿಸಿಕೊಳ್ಳಲು ಕಿರುಚಾಡಿ ತನ್ನ ಚರ್ಮವನ್ನೇ ಹರಿದುಕೊಳ್ಳುತ್ತದೆ. ಅದನ್ನು ಹಲಗೆ ಸಮೇತ ಮಡಚಿ ಕಸದ ಬುಟ್ಟಿಗೆ ಹಾಕುತ್ತೇವೆ. ಇಂಗ್ಲೆಂಡಿನಲ್ಲಿ 2024ರ ಜುಲೈ 31ರಿಂದ ಲೈಸೆನ್ಸಿಲ್ಲದೆ ಅಂಟಿನ ಹಲಗೆ ಇಡುವಂತಿಲ್ಲ. ನಮ್ಮ ಪ್ರಾಣಿ ಕಲ್ಯಾಣ ಮಂಡಳಿಯೂ ಇದರ ವಿರುದ್ಧ ರಾಜ್ಯಗಳಿಗೆ ಬರೆದಿದೆ, ಆದರೂ ಅದು ಸಿಗದ ಅಂಗಡಿ ಅಪರೂಪ.

ದವಡೆ ಬೋನು ಕಣ್ಣಿಗೆ ಭೀಕರ, ಪಾಷಾಣದ ಬಿಲ್ಲೆ ಮಕ್ಕಳ ಬಿಸ್ಕತ್ತಿನಷ್ಟು ಮುದ್ದು. ನಮ್ಮ ಕರುಣೆ ಹೆಚ್ಚಾಗಲಿಲ್ಲ, ಸಾಯುವ ಜಾಗ ನಮ್ಮ ಕಣ್ಣಿಂದ ಅಟ್ಟದ ಮೇಲಕ್ಕೋ ಚರಂಡಿಯೊಳಕ್ಕೋ ಸರಿಯಿತು, ಅಷ್ಟೆ. ಹಳೆಯ ಬೋನಿಟ್ಟವನಿಗೆ ತಡವಾಗಿಯಾದರೂ ಅಲ್ಲಿಗೆ ಹೋಗದೆ ಗತಿಯಿರಲಿಲ್ಲ. ನಮಗೆ ಹೋಗುವ ಕೆಲಸವೇ ಇಲ್ಲ.

ಹಾಗಂತ ಇಲಿಯನ್ನು ಬಿಟ್ಟುಬಿಡಿ ಎಂದು ಹೇಳಲಾರೆ. 1898ರ ಪ್ಲೇಗು ಬೆಂಗಳೂರನ್ನು ಬರಿದು ಮಾಡಿದ ನೆನಪು ಪ್ಲೇಗಮ್ಮನ ಗುಡಿಗಳಲ್ಲಿ ಇನ್ನೂ ಇದೆ. ಇಲಿಜ್ವರ ಪ್ರತಿ ಮಳೆಗಾಲದ ಮಾತು. ಗದ್ದೆಯಲ್ಲಿ ತೆನೆ ಕತ್ತರಿಸುವ ಇಲಿಯ ಮೇಲೆ ರೈತನಿಗೆ ದಯೆ ತೋರಲು ಹೇಳುವುದು ಸಿಟಿಯಲ್ಲಿ ಕೂತವರ ಚಪಲ. ಹಿಡಿದ ಇಲಿಯನ್ನು ಮುಂದಿನ ಬೀದಿಯಲ್ಲಿ ಬಿಟ್ಟುಬರುವ ನಮ್ಮ ಅಹಿಂಸೆಯ ಬಗ್ಗೆ ಮುಂದಿನ ಬೀದಿಯವರನ್ನು ಕೇಳಬೇಕು. ಬಿಲ ಮುಚ್ಚುವುದು, ಕಾಳಿನ ಡಬ್ಬಿಗೆ ಬಿಗಿ ಮುಚ್ಚಳ ಹಾಕುವುದು ಮೊದಲ ಕೆಲಸ. ಆಮೇಲೂ ಹಿಡಿಯಲೇಬೇಕಾದರೆ ದಿನವೂ ಹೋಗಿ ನೋಡುವ ಬೋನೇ ವಾಸಿ. ಈ ಲೆಕ್ಕದಲ್ಲಿ ಹಳೆಯ ಇಲಿಬೋನನ್ನು ಅಟ್ಟದಿಂದ ಇಳಿಸಿ, ಸ್ಪ್ರಿಂಗಿಗೆ ಎಣ್ಣೆ ಬಿಟ್ಟು ಮತ್ತೆ ಬಳಸುವವರ ಬಗ್ಗೆ ನನಗೆ ತಕರಾರಿಲ್ಲ.

ಎಲ್ಲ ಹಳೆಯ ಸಾಮಾನಿಗೂ ಈ ಮಾತು ಸಲ್ಲದು. ಫ್ಲಿಟ್ ಪಂಪನ್ನೇ ನೋಡಿ. ತಗಡಿನ ಕೊಳವೆ, ಮರದ ಹಿಡಿ, ಕೆಳಗೊಂದು ಡಬ್ಬಿ. ಹಿಂದೆ ಮುಂದೆ ದೂಡಿದರೆ ಮಂಜಿನಂತೆ ಚಿಮ್ಮುವ ಔಷಧಿ. ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1923ರಲ್ಲಿ ತಂದ ಫ್ಲಿಟ್‌ಗೆ, ಮುಂದೆ ಡಾ. ಸ್ಯೂಸ್ ಎಂದು ಮಕ್ಕಳ ಪುಸ್ತಕಗಳಿಂದ ಹೆಸರಾದ ಥಿಯೊಡೋರ್ ಗೈಸೆಲ್ 1928ರಿಂದ ವರ್ಷಗಟ್ಟಲೆ ಜಾಹೀರಾತಿನ ವ್ಯಂಗ್ಯಚಿತ್ರ ಬರೆದ. ನಮ್ಮಲ್ಲಿ ಯಾವ ಕಂಪನಿಯ ತಿಗಣೆ ಔಷಧಿ ಹೊಡೆದರೂ ‘ಫ್ಲಿಟ್ ಹೊಡೆಯೋದು’ ಎಂದೇ ಆಯಿತು. ಪಂಪು ಚೆಂದ, ಶೋಕೇಸಿಗೆ ಒಪ್ಪುತ್ತದೆ. ಆದರೆ 1940ರ ದಶಕದ ನಂತರ ಇಂಥ ಡಬ್ಬಿಗಳಿಗೆ ಡಿಡಿಟಿ ಸುರಿದದ್ದುಂಟು, ಅದು ಬೇಗ ಕರಗಿಹೋಗುವ ಪದಾರ್ಥವಲ್ಲ. ಆ ಡಬ್ಬಿಯನ್ನು ತೊಳೆದು ಗುಲಾಬಿ ಗಿಡಕ್ಕೆ ನೀರು ಚಿಮುಕಿಸುವ ಹುಮ್ಮಸ್ಸು ಬೇಡ.

ದವಡೆ ಬೋನಿನ ಮಾತಂತೂ ಭಾರತದಲ್ಲಿ ಬೇರೆಯೇ. ಅಮೆರಿಕದ ಹವ್ಯಾಸಿಗೆ ಅದು ಅಜ್ಜನ ಕಾಲದ ವಸ್ತು. ನಮ್ಮಲ್ಲಿ ಕುಲುಮೆಯಲ್ಲಿ ಬಡಿದ ದವಡೆ ಬೋನುಗಳು ಹುಲಿಯ ಕಳ್ಳಬೇಟೆಯ ಮೊಕದ್ದಮೆಗಳಲ್ಲಿ ಮಾಲಾಗಿ ಸಿಗುತ್ತವೆ. ಬಂಡೀಪುರ, ನಾಗರಹೊಳೆಯ ಸುತ್ತಿನಲ್ಲಿ ಅರಣ್ಯ ಸಿಬ್ಬಂದಿ ಇಂದಿಗೂ ಬೇಲಿಸಾಲಿನಲ್ಲಿ ಉರುಳು ಹುಡುಕುತ್ತಾ ನಡೆಯುತ್ತಾರೆ. ಬೈಕಿನ ಕ್ಲಚ್ ವೈರಿನಲ್ಲಿ ಹಂದಿಗೆಂದು ಹಾಕಿದ ಉರುಳಿಗೆ ಚಿರತೆಯ ಸೊಂಟ ಸಿಕ್ಕಿಕೊಳ್ಳುತ್ತದೆ. 1972ರ ವನ್ಯಜೀವಿ ಕಾಯಿದೆ ಬೋನು, ಉರುಳು ಹಾಕುವುದನ್ನು ಬೇಟೆಯೆಂದೇ ಪರಿಗಣಿಸುತ್ತದೆ. ಬಳಕೆ ನಿಂತ ಮೇಲಷ್ಟೇ ವಸ್ತು ಪುರಾತನವಾಗುವುದು. ಹಾಗಾಗಿ ನಮ್ಮ ಕಾಡಂಚಿನ ಊರಿನಲ್ಲಿ ಯಾರಾದರೂ ದವಡೆ ಬೋನನ್ನು ಸಂಗ್ರಹಕ್ಕೆಂದು ಕೊಳ್ಳಲು ಬಂದರೆ ಅದು ಹವ್ಯಾಸವಲ್ಲ, ಕಮ್ಮಾರನಿಗೆ ಹೊಸ ಗಿರಾಕಿ.

ಸಂಗ್ರಹಕಾರರ ಮೇಲೆ ನನ್ನ ನಿಜವಾದ ದೂರು ಬೇರೆಯೇ ಇದೆ. ಅವರು ಕೂಡಿಡುವುದು ಕಬ್ಬಿಣವನ್ನು, ಅಚ್ಚೊತ್ತಿದ ಹೆಸರನ್ನು. ಕೊಳೆಯುವುದನ್ನು ಯಾರೂ ಕೂಡಿಡುವುದಿಲ್ಲ. ಮೈಸೂರು ಸೀಮೆಯ ಅತಿ ದೊಡ್ಡ ಬೋನು ಕಾಕನಕೋಟೆಯ ಖೆಡ್ಡಾ. ಮರದ ದಿಮ್ಮಿ, ಕಂದಕ, ಹಗ್ಗಗಳ ಆ ಕೋಟೆಗೆ ಆನೆಯ ಹಿಂಡನ್ನೇ ಅಟ್ಟುತ್ತಿದ್ದರು. 1971ರಲ್ಲಿ ಕೊನೆಯದು ನಡೆಯಿತು, ಈಗ ಉಳಿದಿರುವುದು ಫೋಟೊ ಮತ್ತು ಸಿನಿಮಾ ತುಣುಕು. ಕಾವೇರಿಯ ಮುಖಜ ಭೂಮಿಯಲ್ಲಿ ಬಳಸುವ ತಂಜಾವೂರಿನ ಬಿಲ್ಲು ಬೋನಿಗೂ ಶೋಕೇಸಿನಲ್ಲಿ ಜಾಗವಿಲ್ಲ. ಬಿದಿರಿನ ಸೀಳನ್ನು ಬಿಲ್ಲಿನಂತೆ ಬಗ್ಗಿಸಿ ಹುರಿ ಕಟ್ಟಿ ಮಾಡಿದ್ದು. ಒಳಗಿನ ಅಕ್ಕಿಗೆ ಇಲಿ ತಲೆ ಹಾಕಿದರೆ ಬಿಲ್ಲು ಬಿಟ್ಟುಕೊಂಡು ಕುತ್ತಿಗೆ ಅಮುಕುತ್ತದೆ. ಸಂಜೆ ಗದ್ದೆಯಲ್ಲಿ ಊರಿದವನು ಬೆಳಗಾಗುತ್ತಲೇ ಬಂದು ಆರಿಸಿಕೊಳ್ಳುತ್ತಾನೆ; ಸಿಕ್ಕಿದ ಇಲಿಗಿಷ್ಟು ಎಂದು ಅವನಿಗೆ ಕೂಲಿ, ಬರದೆ ಇದ್ದರೆ ಕಾಸಿಲ್ಲ. ವಿಷವಿಲ್ಲ, ಗೂಬೆಗೆ ಅಪಾಯವಿಲ್ಲ, ಬೋನಿಟ್ಟವನು ನಾಪತ್ತೆಯಾಗುವ ಹಾಗೂ ಇಲ್ಲ. ಇದನ್ನು ಹೆಣೆಯುವವರು ಇನ್ನೂ ಇದ್ದಾರೆ. ಅಲ್ಲಿಗೆ ಹೋಗುವ ಸಂಗ್ರಹಕಾರ ಒಂದು ಬೋನು ಕೊಂಡು ತಂದರೆ ಅರ್ಧ ಕೆಲಸವಷ್ಟೇ ಆದೀತು. ಬದುವಿನ ಯಾವ ಮಗ್ಗುಲಿಗೆ ಊರಬೇಕು, ಒಂದು ಎಕರೆಗೆ ಎಷ್ಟು ಬೇಕು, ಪೈರು ಎಷ್ಟೆತ್ತರ ಇದ್ದಾಗ ಶುರುಮಾಡಬೇಕು, ಬೆಳಗ್ಗೆ ಎಷ್ಟು ಹೊತ್ತಿಗೆ ಬಂದು ನೋಡಬೇಕು, ಇವನ್ನೂ ಅವರ ಬಾಯಲ್ಲೇ ಕೇಳಿ ಬರೆದುಕೊಂಡು ಬರಬೇಕು.